ಸಾಬರಮತಿ ದಂಡೆಯಲ್ಲೊಂದು ಮೋಗ್ ಯಂತ್ರ

ಅಹಮದಾಬಾದಿಗೆ ಹೋದವರು ನೋಡಿ ಬರುವ ಸ್ಥಳಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಗಾಂಧೀಜಿಯ ಆಶ್ರಮ, ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂದ್ರ, ಹಳೆಯ ಬಟ್ಟೆಗಳ ಕ್ಯಾಲಿಕೊ ಸಂಗ್ರಹಾಲಯ, ರಾತ್ರಿಯಾದರೆ ಮಾಣೆಕ್ ಚೌಕದ ತಿಂಡಿ. ಇಷ್ಟು ಮುಗಿಸಿ ರೈಲು ಹತ್ತುವವರೇ ಹೆಚ್ಚು. ನದಿಯ ಪಶ್ಚಿಮಕ್ಕೆ ಪಾಲಡಿ ಎಂಬ ಬಡಾವಣೆಯಲ್ಲಿ, ಮರಗಳ ನಡುವೆ ಅಡಗಿರುವ ಇಟ್ಟಿಗೆ ಬಣ್ಣದ ಒಂದು ವಿದ್ಯಾಸಂಸ್ಥೆಯ ಮುಂದೆ ಪ್ರವಾಸಿ ಬಸ್ಸುಗಳು ನಿಲ್ಲುವುದಿಲ್ಲ. ಅದು ರಾಷ್ಟ್ರೀಯ ವಿನ್ಯಾಸ ಸಂಸ್ಥೆ. ಮಕ್ಕಳನ್ನು ವಿನ್ಯಾಸದ ಕೋರ್ಸಿಗೆ ಸೇರಿಸಬೇಕೆಂದಿರುವ ತಂದೆತಾಯಿಗಳಿಗೆ ಎನ್‌ಐಡಿ ಎಂಬ ಮೂರಕ್ಷರ ಚಿರಪರಿಚಿತ. ಆದರೆ 1969ರಿಂದ 1972ರವರೆಗೆ ಇದೇ ಆವರಣದಲ್ಲಿ ಭಾರತದ ಮೊತ್ತಮೊದಲ ವಿದ್ಯುನ್ಮಾನ ಸಂಗೀತ ಸ್ಟುಡಿಯೊ ನಡೆಯುತ್ತಿತ್ತು ಎಂಬುದು ಅಲ್ಲಿ ಓದಿ ಹೊರಬಂದ ಎಷ್ಟೋ ಮಂದಿಗೂ ತಿಳಿದಿರಲಿಲ್ಲ.

ಕಾಲೂಪುರದ ರೈಲು ನಿಲ್ದಾಣದಿಂದ ಪಾಲಡಿಗೆ ಹೋಗಬೇಕಾದರೆ ಹಳೆಯ ಊರನ್ನು ಅಡ್ಡಹಾಯ್ದು ನದಿ ದಾಟಬೇಕು. ಇಕ್ಕಟ್ಟಾದ ಪೋಳಗಳು, ಎಂದರೆ ಒಂದೇ ಹೆಬ್ಬಾಗಿಲಿನ ಒಳಗೆ ಹತ್ತಾರು ಮನೆಗಳು ಒತ್ತೊತ್ತಾಗಿ ಕೂತಿರುವ ಕೇರಿಗಳು, ಇಲ್ಲಿನ ವಿಶೇಷ. ಈ ಹಳೆಯ ಊರಿಗೆ 2017ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಕೆಲವು ಪೋಳಗಳ ನಡುವೆ ಕಂಬದ ಮೇಲೆ ಕೆತ್ತನೆಯ ಪುಟ್ಟ ಮಂಟಪವೊಂದು ನಿಂತಿರುತ್ತದೆ. ಅದಕ್ಕೆ ಚಬುತರೊ ಎಂದು ಹೆಸರು; ಹಕ್ಕಿಗಳಿಗೆ ಕಾಳು ಹಾಕುವ ಜಾಗ. ಬೆಳಗಿನ ಹೊತ್ತು ಅದರ ಕೆಳಗೆ ನಿಂತರೆ ಪಾರಿವಾಳ, ಗಿಳಿ, ಗುಬ್ಬಿಗಳ ಗದ್ದಲದಲ್ಲಿ ಸ್ಕೂಟರಿನ ಸದ್ದೂ ಮುಳುಗಿಹೋಗುತ್ತದೆ. ಈ ಗದ್ದಲವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಸಾಬರಮತಿ ಈಗ ತುಂಬಿದ ನದಿಯಂತೆ ಕಾಣುತ್ತದೆ. ನರ್ಮದಾ ಕಾಲುವೆಯ ನೀರು, ಎರಡೂ ಕಡೆ ಕಾಂಕ್ರೀಟಿನ ದಂಡೆ, ವಾಯುವಿಹಾರದ ದಾರಿ. ಐವತ್ತು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಇಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ಮರಳು. ದಾಟಿದ ಮೇಲೆ ಪಾಲಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಟ್ಯಾಗೋರ್ ಹಾಲ್, ಅದರ ಪಕ್ಕದಲ್ಲಿ ಕಂಬಗಳ ಮೇಲೆ ಎದ್ದು ನಿಂತ ಸಂಸ್ಕಾರ ಕೇಂದ್ರ. ಮೊದಲನೆಯದು ಬಾಲಕೃಷ್ಣ ದೋಶಿಯವರ ವಿನ್ಯಾಸ, ಎರಡನೆಯದು ಚಂಡೀಗಡ ಕಟ್ಟಿದ ಲೆ ಕಾರ್ಬೂಸಿಯೆಯದು. ವಿನ್ಯಾಸ ಸಂಸ್ಥೆ ಅವುಗಳ ಎದುರಿಗಿದೆ.

ಇಂಥದೊಂದು ಸಂಸ್ಥೆ ಗಿರಣಿಗಳ ಊರಿನಲ್ಲಿ ಹುಟ್ಟಿದ್ದಕ್ಕೆ ಒಂದು ಮನೆತನದ ಪಾತ್ರ ದೊಡ್ಡದು. ಕ್ಯಾಲಿಕೊ ಗಿರಣಿಯ ಒಡೆಯ ಅಂಬಾಲಾಲ್ ಸಾರಾಭಾಯಿಯವರ ಎಂಟು ಮಕ್ಕಳಲ್ಲಿ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ವಿಜ್ಞಾನಿಯಾಗಿ ನಾಡಿಗೆಲ್ಲ ಗೊತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಬಗ್ಗೆ ಸಂಶೋಧನೆ ಮಾಡಿದರು; ಮೃಣಾಲಿನಿಯವರ ಪರಿಚಯವಾದದ್ದೂ ಅದೇ ಊರಿನಲ್ಲಿ. ಅವರ ಅಣ್ಣ ಗೌತಮ್, ತಂಗಿ ಗೀರಾ ಇಬ್ಬರೂ ವಿನ್ಯಾಸ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದವರು. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟಿದ್ದರು. ನಮ್ಮ ಮನೆಮನೆಯ ತಂಬಿಗೆಯನ್ನು ಅವರು ಉತ್ತಮ ವಿನ್ಯಾಸದ ಮಾದರಿ ಎಂದು ಅದರಲ್ಲಿ ಕೊಂಡಾಡಿದ್ದಾರೆ. ಆ ವರದಿಯ ಫಲವಾಗಿ 1961ರಲ್ಲಿ ಸಂಸ್ಥೆ ಆರಂಭವಾಯಿತು.

ಇನ್ನೊಬ್ಬ ತಂಗಿ ಗೀತಾ. ಈ ಕಥೆಯ ನಿಜವಾದ ನಾಯಕಿ ಅವರೇ ಎನ್ನಬೇಕು. 1922ರಲ್ಲಿ ಹುಟ್ಟಿದ ಗೀತಾ ಸಾರಾಭಾಯಿ ಪಖಾವಾಜ್ ನುಡಿಸುತ್ತಿದ್ದರು. ಧ್ರುಪದ ಗಾಯನಕ್ಕೆ ಪಕ್ಕವಾದ್ಯವಾದ ಈ ಗಂಭೀರ ಮದ್ದಳೆಯನ್ನು ಹೆಂಗಸರು ಮುಟ್ಟುವುದು ಆಗ ಅಪರೂಪದಲ್ಲಿ ಅಪರೂಪ. 1946ರಲ್ಲಿ ಅವರು ನ್ಯೂಯಾರ್ಕಿಗೆ ಹೋದರು. ಪಾಶ್ಚಾತ್ಯ ಸಂಗೀತ ನಮ್ಮ ಸಂಗೀತದ ಮೇಲೆ ಬೀರುತ್ತಿದ್ದ ಪ್ರಭಾವ ಅವರನ್ನು ಚಿಂತೆಗೀಡುಮಾಡಿತ್ತು. ಅದು ಏನೆಂದು ಮೂಲದಲ್ಲೇ ತಿಳಿಯೋಣ ಎಂಬುದು ಉದ್ದೇಶ. ಅಲ್ಲಿ ಜಾನ್ ಕೇಜ್ ಎಂಬ ಸಂಗೀತಗಾರನೊಂದಿಗೆ ಒಂದು ಕೊಡುಕೊಳೆ ಏರ್ಪಟ್ಟಿತು. ಕೇಜ್ ಪಾಶ್ಚಾತ್ಯ ಸಂಗೀತ ಕಲಿಸುವುದು, ಗೀತಾ ಭಾರತೀಯ ಸಂಗೀತ ಕಲಿಸುವುದು; ಇಬ್ಬರಿಗೂ ಶುಲ್ಕವಿಲ್ಲ. ಹೊರಡುವಾಗ ಶ್ರೀ ರಾಮಕೃಷ್ಣರ ವಚನವೇದದ ಇಂಗ್ಲಿಷ್ ಪ್ರತಿಯನ್ನು ಗೀತಾ ಅವನ ಕೈಗಿತ್ತರು. ಇಪ್ಪತ್ತನೆಯ ಶತಮಾನದ ಸಂಗೀತದ ದಿಕ್ಕು ಬದಲಿಸಿದವರಲ್ಲಿ ಒಬ್ಬನಾದ ಕೇಜ್, ತನ್ನ ಮೇಲಿನ ಈ ಋಣವನ್ನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ.

ಆ ಸ್ನೇಹದ ಎಳೆ ಹಿಡಿದು 1964ರಲ್ಲಿ ಮರ್ಸ್ ಕನ್ನಿಂಗ್‌ಹ್ಯಾಮ್ ನೃತ್ಯ ತಂಡ ಅಹಮದಾಬಾದಿಗೆ ಬಂತು. ಕೇಜ್ ಜೊತೆ ಬಂದವರಲ್ಲಿ ಡೇವಿಡ್ ಟ್ಯೂಡರ್ ಎಂಬ ಪಿಯಾನೊ ವಾದಕನೂ ಇದ್ದ. ಕೇಜ್ ರಚಿಸಿದ, ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡ್ ಕಾಲ ಒಂದೇ ಒಂದು ಸ್ವರವನ್ನೂ ನುಡಿಸದೆ ಕುಳಿತುಕೊಳ್ಳಬೇಕಾದ ಆ ಪ್ರಸಿದ್ಧ ಕೃತಿಯನ್ನು 1952ರಲ್ಲಿ ಮೊದಲ ಬಾರಿಗೆ ‘ನುಡಿಸಿದವ’ ಈತನೇ. ಐದು ವರ್ಷಗಳ ನಂತರ, 1969ರಲ್ಲಿ, ಟ್ಯೂಡರ್ ಮತ್ತೆ ಬಂದ. ಈ ಸಲ ಪಿಯಾನೊ ನುಡಿಸಲಲ್ಲ. ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಸಿಂಥಸೈಜರನ್ನು ಸ್ಥಾಪಿಸಿ, ಅದರ ಸುತ್ತ ಒಂದು ಸ್ಟುಡಿಯೊ ಕಟ್ಟಿಕೊಡಲು.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಬರೆದದ್ದನ್ನು ಇದ್ದಂತೆಯೇ ಓದಿದರೆ ಅದು ‘ಮೂಗ್’ ಆಗುತ್ತದೆ, ಕನ್ನಡಿಗರು ನಗುತ್ತಾರೆ. ಯಂತ್ರದ ಜನಕ ರಾಬರ್ಟ್ ಮೋಗ್ ತನ್ನ ಮನೆತನದ ಹೆಸರನ್ನು ‘ಮೋಗ್’ ಎಂದೇ ಉಚ್ಚರಿಸುತ್ತಿದ್ದ. 1964ರಲ್ಲಿ ಮೊದಲ ಮಾದರಿ ತಯಾರಿಸಿದ ಈ ಎಂಜಿನಿಯರನ ಯಂತ್ರ ಇಂದಿನ ಕೀಬೋರ್ಡಿನಂತೆ ಕಂಕುಳಲ್ಲಿ ಹಿಡಿಯುವ ವಸ್ತುವಲ್ಲ. ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜನ್ನು ಕಂಡವರಿಗೆ ಅದರ ಚಿತ್ರ ಸುಲಭವಾಗಿ ಬಂದೀತು. ಮರದ ಪೆಟ್ಟಿಗೆ, ಅದರ ಮುಖದ ತುಂಬ ಗುಂಡಿಗಳು ಮತ್ತು ರಂಧ್ರಗಳು, ಒಂದು ರಂಧ್ರದಿಂದ ಇನ್ನೊಂದಕ್ಕೆ ಜೋತುಬಿದ್ದ ತಂತಿಗಳು. ಒಂದು ಘಟಕ ಸ್ವರ ಹುಟ್ಟಿಸುತ್ತದೆ, ಒಂದು ಅದನ್ನು ಸೋಸುತ್ತದೆ, ಇನ್ನೊಂದು ದನಿಯ ಏರಿಳಿತ ನಿರ್ಧರಿಸುತ್ತದೆ. ಯಾವುದರಿಂದ ಯಾವುದಕ್ಕೆ ತಂತಿ ಹೋಗಬೇಕೆಂಬುದು ಕುಳಿತವನಿಗೆ ಬಿಟ್ಟದ್ದು.

ಸಿಂಥಸೈಜರ್ ಎಂದರೆ ತಾನೇ ಸದ್ದು ಹುಟ್ಟಿಸುವ ವಾದ್ಯ ಎಂಬ ತಿಳಿವಳಿಕೆ ಸಾಮಾನ್ಯ. ಅದು ಅರ್ಧ ಮಾತ್ರ ಸರಿ. ಹೊರಗಿನ ಸದ್ದನ್ನೂ ಅದರ ಹೊಟ್ಟೆಗೆ ಹಾಕಬಹುದು. ಮನುಷ್ಯನ ಕಂಠ, ತಂಬೂರಿ, ಮದ್ದಳೆ, ಟೇಪಿನಲ್ಲಿ ಹಿಡಿದು ತಂದ ಹಕ್ಕಿಯ ಕೂಗು, ಯಾವುದಾದರೂ ಸರಿ. ಅದು ವಿದ್ಯುತ್ತಿನ ಅಲೆಯಾಗಿ ಬಂದರಾಯಿತು. ಹುಟ್ಟಿದ್ದು ಎಲ್ಲಿ ಎಂದು ಯಂತ್ರ ಕೇಳುವುದಿಲ್ಲ. ಅಹಮದಾಬಾದಿನ ಸ್ಟುಡಿಯೊ ಇಂದಿಗೂ ಕುತೂಹಲ ಹುಟ್ಟಿಸುವುದು ಈ ಕಾರಣಕ್ಕೆ. ಟ್ಯೂಡರ್ ಅಲ್ಲಿ ಮಾಡಿದ ಕೆಲಸವೇ ಟೇಪ್ ರೆಕಾರ್ಡರನ್ನೂ ಮೋಗನ್ನೂ ಒಂದಕ್ಕೊಂದು ಬೆಸೆಯುವುದಾಗಿತ್ತು.

ಹೇಗೆಂದು ಸ್ವಲ್ಪ ನೋಡಬೇಕು. ಟೇಪ್ ರೆಕಾರ್ಡರಿನಲ್ಲಿ ಬರೆಯುವ ತಲೆ ಒಂದು, ಓದುವ ತಲೆ ಒಂದು. ನಡುವೆ ಸ್ವಲ್ಪ ಅಂತರ. ಅಂತರ 5 ಸೆಂಟಿಮೀಟರ್ ಎಂದೂ, ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತದೆ ಎಂದೂ ಇಟ್ಟುಕೊಳ್ಳಿ. ಬರೆದ ಸದ್ದು ಕಾಲು ಸೆಕೆಂಡಿನ ನಂತರ ಓದುವ ತಲೆಗೆ ತಲುಪುತ್ತದೆ. ಆ ಸದ್ದನ್ನು ತಂತಿಯ ಮೂಲಕ ಮತ್ತೆ ಬರೆಯುವ ತಲೆಗೇ ಕಳಿಸಿದರೆ ಪ್ರತಿಧ್ವನಿ, ಪ್ರತಿಧ್ವನಿಗೆ ಪ್ರತಿಧ್ವನಿ. ಮಟ್ಟ ಕಡಿಮೆಯಿದ್ದರೆ ಗೋಲಗುಮ್ಮಟದಲ್ಲಿ ಕೂಗಿದಂತೆ ಕರಗುತ್ತ ಹೋಗುತ್ತದೆ. ಒಂದು ಮಿತಿ ಮೀರಿತೋ, ತನ್ನಷ್ಟಕ್ಕೆ ಬೆಳೆದು ಊಳಿಡತೊಡಗುತ್ತದೆ. ಸಭೆಗಳಲ್ಲಿ ಮೈಕು ಕಿರುಚುವುದೂ ಇದೇ ಕಾರಣಕ್ಕೆ. ಈ ಸುತ್ತಿನ ನಡುವೆ ಮೋಗಿನ ಶೋಧಕವನ್ನೋ ಸ್ವರಜನಕವನ್ನೋ ಸಿಕ್ಕಿಸಿದರೆ ಪ್ರತಿ ಸುತ್ತಿಗೂ ಸದ್ದು ಬಣ್ಣ ಬದಲಿಸುತ್ತ ಬರುತ್ತದೆ. ಎಲ್ಲರೂ ದೋಷವೆಂದು ಓಡಿಸುವ ಕಿರುಚಾಟವನ್ನೇ ಟ್ಯೂಡರ್ ವಾದ್ಯ ಮಾಡಿಕೊಂಡ.

ಮೈಕಿನಿಂದ ಬರುವ ವಿದ್ಯುತ್ತು ವೋಲ್ಟಿನ ಸಾವಿರದ ಕೆಲವೇ ಪಾಲುಗಳಷ್ಟು. ಸಿಂಥಸೈಜರಿನ ಒಳಗೆ ಹರಿಯುವುದು ಹೆಚ್ಚುಕಡಿಮೆ ಒಂದು ವೋಲ್ಟಿನ ಆಸುಪಾಸು. ಹಾಗಾಗಿ ಹೊರಗಿನ ಸದ್ದನ್ನು ಮೊದಲು ನೂರಾರು ಪಟ್ಟು ಹಿಗ್ಗಿಸಬೇಕು. ಆಮೇಲೆ ದಾರಿ ಎರಡು ಕವಲಾಗುತ್ತದೆ. ಒಂದು ಕವಲಿನಲ್ಲಿ ಸದ್ದು ಸದ್ದಾಗಿಯೇ ಹೋಗಿ ಶೋಧಕದಲ್ಲಿ ಸೋಸಿಕೊಳ್ಳುತ್ತದೆ. ಇನ್ನೊಂದು ಕವಲು ಹೆಚ್ಚು ಸೊಗಸಾದದ್ದು. ಅಲ್ಲಿ ಸದ್ದಿನ ಏರಿಳಿತವನ್ನು ಮಾತ್ರ ಹೀರಿಕೊಂಡು ಒಂದು ನಿಧಾನವಾದ ವೋಲ್ಟೇಜಾಗಿ ಮಾರ್ಪಡಿಸುವ ಘಟಕವಿದೆ. ಪಖಾವಾಜಿನ ಒಂದು ಪೆಟ್ಟು ಬಿತ್ತೆನ್ನಿ. ವೋಲ್ಟೇಜ್ ಥಟ್ಟನೆ ಮೇಲೇರಿ ಮೆಲ್ಲಗೆ ಇಳಿಯುತ್ತದೆ. ಆ ವೋಲ್ಟೇಜನ್ನು ಬೇರೊಂದು ಸ್ವರದ ಬಾಗಿಲಿಗೆ ಕಟ್ಟಿದರೆ, ಪೆಟ್ಟು ಮದ್ದಳೆಯದು, ನುಡಿ ಯಂತ್ರದ್ದು. ಕೀಲಿಮಣೆಗೆ ಕೈ ಹಚ್ಚದೆಯೇ ಮದ್ದಳೆಯವನು ಸಿಂಥಸೈಜರ್ ನುಡಿಸಿದಂತಾಯಿತು.

ಇದು ಬರಿಯ ಚಮತ್ಕಾರವಲ್ಲ. ಮೋಗಿನಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಕೀಲಿಮಣೆಯಲ್ಲಿ ಅಕ್ಕಪಕ್ಕದ ಎರಡು ಮನೆಗಳ ನಡುವೆ ಇರುವುದು ವೋಲ್ಟಿನ ಹನ್ನೆರಡನೆಯ ಒಂದು ಪಾಲು. ಹನ್ನೆರಡು ಮೆಟ್ಟಿಲಿನ ಈ ಏಣಿ ಪಿಯಾನೊ ಕಲಿತವರಿಗೆ ಹಿತ. ನಮ್ಮ ಸಂಗೀತಗಾರರು ಬದುಕುವುದು ಮೆಟ್ಟಿಲುಗಳ ನಡುವಿನ ಜಾಗದಲ್ಲಿ. ಗಮಕ, ಮೀಂಡ್ ಎಂಬ ಮಾತುಗಳೇ ಅದಕ್ಕೆ ಸಾಕ್ಷಿ. ಕೀಲಿಮಣೆಯನ್ನು ಬದಿಗಿಟ್ಟು, ಕಂಠವನ್ನೋ ಚರ್ಮವಾದ್ಯವನ್ನೋ ನೇರವಾಗಿ ಯಂತ್ರಕ್ಕೆ ಕೊಡುವ ದಾರಿ ಇದ್ದುದರಿಂದಲೇ ಈ ಪರದೇಶದ ಪೆಟ್ಟಿಗೆ ನಮ್ಮವರ ಕೈಗೆ ಅಷ್ಟಿಷ್ಟಾದರೂ ಒಗ್ಗಬಹುದಿತ್ತು.

ತಂಬೂರಿಯ ವಿಷಯವಂತೂ ಇನ್ನೂ ಸ್ವಾರಸ್ಯಕರ. ಕುದುರೆಯ ಮೇಲೆ ತಂತಿಯ ಅಡಿಗೆ ತುಂಡು ದಾರ ಇಟ್ಟು ಜೀವಾಳ ಕೂರಿಸುವುದನ್ನು ಸಂಗೀತ ಕಲಿಯುವ ಮನೆಗಳಲ್ಲಿ ಮಕ್ಕಳು ನೋಡಿರುತ್ತಾರೆ. ದಾರ ಕೂತ ಗಳಿಗೆ ಮಂಕಾಗಿದ್ದ ತಂತಿ ಝೇಂಕರಿಸುತ್ತದೆ. ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವರ್ತನದ ಉಪಸ್ವರಗಳು ಸಾಲಾಗಿ ಎದ್ದು ಬರುತ್ತವೆ. ಇದನ್ನು ಶೋಧಕಕ್ಕೆ ಕೊಟ್ಟು ಗುಂಡಿಯನ್ನು ನಿಧಾನವಾಗಿ ತಿರುಗಿಸಿದರೆ ಒಂದೊಂದೇ ಉಪಸ್ವರ ಮುಂದೆ ಬಂದು ಹಿಂದೆ ಸರಿಯುತ್ತದೆ. ಒಳ್ಳೆಯ ತಂಬೂರಿಯಲ್ಲಿ ಗಾಂಧಾರ ತಾನಾಗಿ ಕೇಳುತ್ತದೆ ಎಂದು ಗುರುಗಳು ಹೇಳುವ ಮಾತನ್ನು ಯಂತ್ರ ಬಿಡಿಸಿ ತೋರಿಸಿದಂತೆ.

ಇನ್ನೊಂದು ಪ್ರಯೋಗಕ್ಕೆ ಪಿಯುಸಿ ಮೊದಲ ವರ್ಷದ ತ್ರಿಕೋನಮಿತಿ ಸಾಕು. ಎರಡು ಸೈನ್‌ಗಳನ್ನು ಗುಣಿಸಿದರೆ ಮೊತ್ತ ಮತ್ತು ವ್ಯತ್ಯಾಸದ ಕೊಸೈನ್‌ಗಳು ಬರುತ್ತವೆ ಎಂಬ ಸೂತ್ರವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ರಿಂಗ್ ಮಾಡ್ಯುಲೇಟರ್ ಎಂಬ ಘಟಕ ಮಾಡುವುದು ಈ ಗುಣಾಕಾರವನ್ನೇ. ತಂತಿಯಿಂದ 200, 400, 600 ಹರ್ಟ್ಸ್‌ಗಳ ಸ್ವರಗಳು ಬರುತ್ತಿವೆ ಎನ್ನೋಣ. ಯಂತ್ರದೊಳಗಿನ 30 ಹರ್ಟ್ಸ್ ಅಲೆಯಿಂದ ಅವನ್ನು ಗುಣಿಸಿದರೆ ಹೊರಬರುವುದು 170 ಮತ್ತು 230, 370 ಮತ್ತು 430, 570 ಮತ್ತು 630. ಮೊದಲಿನ ಮೂರು ಸಂಖ್ಯೆಗಳೂ 200ರ ಗುಣಕಗಳು. ಹೊಸ ಆರರಲ್ಲಿ ಆ ನಂಟು ಹರಿದುಹೋಗಿದೆ. ಕಿವಿಗೆ ಅದು ತಂಬೂರಿಯಾಗಿ ಕೇಳುವುದಿಲ್ಲ. ಒಡಕು ಗಂಟೆಯಂತೆ, ಕಂಚಿನ ತಟ್ಟೆಯಂತೆ ಕೇಳುತ್ತದೆ. ಪುಸ್ತಕದ ಸೂತ್ರವನ್ನು ಹೀಗೆ ಕಿವಿಯಿಂದ ಕೇಳಿಸುವ ಪ್ರಯೋಗಶಾಲೆ ನಮ್ಮ ಕಾಲೇಜುಗಳಲ್ಲಿ ಎಷ್ಟಿವೆ?

ಸ್ಟುಡಿಯೊದಲ್ಲಿ ಕುಳಿತವರು ಹಲವರು. ಗೀತಾ ಸಾರಾಭಾಯಿ, ಹಿಂದೂಸ್ತಾನಿ ಗಾಯಕ ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮ, ಜಿನರಾಜ್ ಜೋಶಿಪುರ. 1970ರ ಒಸಾಕಾ ವಿಶ್ವ ಪ್ರದರ್ಶನಕ್ಕೆಂದು ದೇಸಾಯಿಯವರು ಮಾಡಿದ ಧ್ವನಿಮುದ್ರಣ ಇಲ್ಲಿಯದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ವರ್ಷ ಕಳೆದಿರಲಿಲ್ಲವಷ್ಟೆ. ತರುಣ ಜೋಶಿಪುರ ತನ್ನ ರಚನೆಗೆ ‘ಸ್ಪೇಸ್ ಲೈನರ್ 2001’ ಎಂದು ಹೆಸರಿಟ್ಟ. ಮಾಥುರರ ಒಂದು ರಚನೆಯ ಹೆಸರು ‘ನನ್ನ ಹಕ್ಕಿಗಳು’ ಎಂಬರ್ಥದ್ದು, ಇನ್ನೊಂದರದು ‘ಒಮ್ಮೆ ತಂಬೂರಿ ನುಡಿಸಿದ್ದೆ’ ಎಂಬರ್ಥದ್ದು. ಯಂತ್ರದ ಮುಂದೆ ಕೂತವನ ಮನಸ್ಸು ಪೋಳದ ಚಬುತರೊ, ಮನೆಯ ತಂಬೂರಿಗಳ ಕಡೆಗೇ ಹೊರಳುತ್ತಿತ್ತೇನೊ ಎನ್ನಿಸುವಂಥ ಹೆಸರುಗಳು.

ಆ ಕಾಲವನ್ನೂ ಮರೆಯುವಂತಿಲ್ಲ. 1969ರ ಸೆಪ್ಟೆಂಬರಿನಲ್ಲಿ ಅಹಮದಾಬಾದ್ ಭೀಕರ ಕೋಮುಗಲಭೆಯಲ್ಲಿ ಬೆಂದಿತ್ತು. ದೇಶ ಅಮೆರಿಕದ ಗೋಧಿಗೆ ಕೈಯೊಡ್ಡಿದ ದಿನಗಳು ಇನ್ನೂ ಹಿಂದೆ ಸರಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಸದ್ದು ಮಾಡುವ ಪೆಟ್ಟಿಗೆಗೆ ಹಣ ಸುರಿಯಬೇಕೆ ಎಂದು ಯಾರಾದರೂ ಕೇಳಿದ್ದರೆ ಆ ಪ್ರಶ್ನೆ ಅನ್ಯಾಯದ್ದಲ್ಲ. ರಾಕೆಟ್ಟಿನ ಬಗ್ಗೆ ವಿಕ್ರಮ್ ಸಾರಾಭಾಯಿಯವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ರಾಕೆಟ್ಟು ಹವಾಮಾನ, ದೂರದರ್ಶನ ಎಂದು ಉತ್ತರ ಕೊಟ್ಟಿತು. ಸ್ಟುಡಿಯೊಗೆ ಅಂಥ ಉತ್ತರ ಕೊಡುವಷ್ಟು ಆಯುಷ್ಯವೇ ಸಿಗಲಿಲ್ಲ. 1972ರ ಹೊತ್ತಿಗೆ ಅದರ ಸದ್ದಡಗಿತು.

ಉಳಿದದ್ದು ಟೇಪುಗಳು. ಇಲ್ಲಿ ನಷ್ಟದ ಸ್ವರೂಪ ಅರ್ಥವಾಗಬೇಕಾದರೆ ಆ ತಂತಿಗಳನ್ನು ಮತ್ತೆ ನೆನೆಯಬೇಕು. ಮೋಗಿನಲ್ಲಿ ನೆನಪಿನ ಕೋಶವಿಲ್ಲ. ಹತ್ತಾರು ತಂತಿ ಸಿಕ್ಕಿಸಿ, ಗುಂಡಿಗಳನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಒಂದು ನಾದ ಹುಟ್ಟಿಸಿದರೆ, ತಂತಿ ಕಿತ್ತ ಕ್ಷಣ ಅದು ಹೋಯಿತು. ಅದೂ ಸಾಲದೆಂಬಂತೆ ಆ ಕಾಲದ ಸ್ವರಜನಕಗಳು ಸೆಕೆ ಹೆಚ್ಚಾದರೆ ಶ್ರುತಿ ಜಾರುತ್ತಿದ್ದವು. ಅಹಮದಾಬಾದಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮೀರುವುದು ಮಾಮೂಲು. ತಂಬೂರಿಯನ್ನು ಪದೇ ಪದೇ ಶ್ರುತಿ ಮಾಡಬೇಕಾದ ಊರಿನಲ್ಲಿ ಯಂತ್ರವೂ ಅದೇ ಸೇವೆ ಬೇಡುವಂಥದು. ಹೀಗಾಗಿ ಆ ಸಂಜೆಗಳ ಸಂಗೀತಕ್ಕೆ ಕಂದು ಬಣ್ಣದ ಆ ಪ್ಲಾಸ್ಟಿಕ್ ಪಟ್ಟಿಯೊಂದೇ ಆಧಾರ. ಧೂಳು, ಸೆಕೆ, ಮಳೆಗಾಲದ ತೇವ ಎಲ್ಲಕ್ಕೂ ಅದು ಬಲಿಯಾಗುವಂಥ ವಸ್ತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅವು ಸಂಸ್ಥೆಯ ಸಂಗ್ರಹದಲ್ಲಿ ಯಾರ ಕಿವಿಗೂ ಬೀಳದೆ ಕುಳಿತಿದ್ದವು.

ಅವುಗಳ ಬೆನ್ನು ಹತ್ತಿ ಬಂದವರು ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್. 2010ರ ದಶಕದ ಕೊನೆಯಲ್ಲಿ ಅವರು ಟೇಪುಗಳನ್ನು ಕಂಡು, ಅವು ಕೈಬಿಟ್ಟುಹೋಗುವ ಮುನ್ನ ಡಿಜಿಟಲ್ ರೂಪಕ್ಕೆ ಇಳಿಸಿದರು. 2020ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇದರ ಕಥೆ ಪ್ರಸಾರವಾಯಿತು. 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಎಂಬ ಹೆಸರಿನಲ್ಲಿ ಆಯ್ದ ಧ್ವನಿಮುದ್ರಣಗಳು ಹೊರಬಂದವು. ಗೀತಾ ಸಾರಾಭಾಯಿ 2011ರಲ್ಲೇ ತೀರಿಕೊಂಡಿದ್ದರು. ಗೀರಾ 2021ರವರೆಗೆ ಬದುಕಿದ್ದರು. ನಮ್ಮ ಕಪಾಟಿನಲ್ಲಿದ್ದ ಗಂಟನ್ನು ಬಿಚ್ಚಲು ಹೊರಗಿನವರೇ ಬರಬೇಕಾಯಿತೆ ಎಂಬ ಕಸಿವಿಸಿ ಒಂದು ಕಡೆ. ಬಿಸಾಡದೆ ಇಟ್ಟುಕೊಂಡಿದ್ದರಲ್ಲ ಎಂಬ ಸಮಾಧಾನ ಇನ್ನೊಂದು ಕಡೆ. ಎಷ್ಟೋ ಆಕಾಶವಾಣಿ ನಿಲಯಗಳಲ್ಲಿ ಹಳೆಯ ಟೇಪುಗಳ ಮೇಲೆಯೇ ಹೊಸದನ್ನು ಬರೆದುಕೊಂಡ ದಿನಗಳನ್ನು ಬಲ್ಲವರು ಎರಡನೆಯದನ್ನೇ ದೊಡ್ಡದೆಂದಾರು.

ಕೇಳಲು ಈ ರಚನೆಗಳು ಸುಲಭವಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ರಾಗ ಹುಡುಕುವವರಿಗೆ ನಿರಾಸೆಯಾದೀತು. ಆದರೆ ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಗೆ ಕೊಟ್ಟು ನೋಡುವುದು ಮೇಲು. ‘ಇದು ಹೇಗೆ ಮಾಡಿದರು?’ ಎಂದು ಮೊದಲು ಕೇಳುವವರು ಅವರೇ. ಹಾಗೆ ಕೇಳಿದ ಮಗುವಿಗೆ ಈಗ ಮರದ ಪೆಟ್ಟಿಗೆ ಬೇಕಿಲ್ಲ. ಮೋಗಿನಂಥ ಘಟಕಗಳನ್ನು ತೆರೆಯ ಮೇಲೆ ಜೋಡಿಸುವ ಉಚಿತ ತಂತ್ರಾಂಶಗಳಿವೆ, ಗಣಕದ ಮೈಕು ಸಾಕು. ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿಯಂತೂ ಕರ್ನಾಟಕದ ಸಂಗೀತದ ಮನೆಗಳಲ್ಲಿ ದಶಕಗಳಿಂದ ಇದ್ದೇ ಇದೆ. ಅದು ವಿದ್ಯುತ್ತಿನಿಂದ ತಂಬೂರಿ ಹುಟ್ಟಿಸುವ ಕೆಲಸ. ಅದರ ಮುಂದೆ ಮೈಕು ಹಿಡಿದು 30 ಹರ್ಟ್ಸ್‌ನಿಂದ ಗುಣಿಸಿದರೆ ಒಡಕು ಗಂಟೆ ಮನೆಯಲ್ಲೇ ಕೇಳುತ್ತದೆ. ಅಜ್ಜಿ ಮಲಗಿರುವ ಹೊತ್ತು ಬೇಡ.

ಬೆಂಗಳೂರಿನಿಂದ ಅಹಮದಾಬಾದಿಗೆ ರೈಲಿನಲ್ಲಿ ಸುಮಾರು ಒಂದೂವರೆ ದಿನದ ದಾರಿ. ನವೆಂಬರಿನಿಂದ ಫೆಬ್ರವರಿ ಹಿತವಾದ ಕಾಲ. ಜನವರಿ 14ರ ಉತ್ತರಾಯಣದ ಹೊತ್ತಿಗೆ ಹೋದರೆ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುವುದನ್ನು ನೋಡಬಹುದು. ವಿನ್ಯಾಸ ಸಂಸ್ಥೆ ಪ್ರವಾಸಿ ತಾಣವಲ್ಲ, ಒಳಗೆ ಹೋಗಲು ಮೊದಲೇ ಅನುಮತಿ ಪಡೆಯುವುದು ವಾಸಿ. ಅಲ್ಲಿ ಓದಬೇಕೆಂಬ ಮಕ್ಕಳಿಗೆ ಪ್ರವೇಶ ಪರೀಕ್ಷೆ ಇದೆ. ಸ್ನಾತಕೋತ್ತರ ತರಗತಿಗಳಿಗೆ ಬೆಂಗಳೂರಿನ ತುಮಕೂರು ರಸ್ತೆಯ ಬಳಿ ಸಂಸ್ಥೆಯ ಇನ್ನೊಂದು ಆವರಣವೂ ಇದೆ. ಪಾಲಡಿಯಿಂದ ಹಿಂತಿರುಗುವಾಗ ಸಂಜೆಯಾಗಿದ್ದರೆ 1892ರ ಎಲ್ಲಿಸ್ ಸೇತುವೆಯ ಉಕ್ಕಿನ ಕಮಾನುಗಳನ್ನು ನೋಡಿಕೊಂಡು ಮಾಣೆಕ್ ಚೌಕಕ್ಕೆ ಬರಬಹುದು. ಹಗಲೆಲ್ಲ ಬಂಗಾರ ಬೆಳ್ಳಿ ಮಾರುವ ಅಂಗಡಿಗಳು ಬಾಗಿಲೆಳೆದುಕೊಳ್ಳುವ ಹೊತ್ತಿಗೆ ಅದೇ ಜಾಗದಲ್ಲಿ ಕಾವಲಿಗಳು ಬಂದು ಕೂರುತ್ತವೆ, ಮಾತು ತಟ್ಟೆ ಸೌಟುಗಳ ಸದ್ದು ಮಧ್ಯರಾತ್ರಿ ದಾಟುತ್ತದೆ.